ಗ್ಲಾಕೋಮಾ ಹನಿ: ಅಗ್ಗದ್ದು ನಿಜಕ್ಕೂ ಅಗ್ಗವೇ? ಹೋಲಿಸಿ ನೋಡೋದು ಹೀಗೆ

ಅಮ್ಮನಿಗೆ ಗ್ಲಾಕೋಮಾ ಇದೆ, ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಕುಂದಿಸುವ ಕಾಯಿಲೆ. ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದರು. ‘ನೀಲಿ ಮುಚ್ಚಳದ ಡ್ರಾಪ್ಸ್ ಇಲ್ವಂತೆ ಕಣೋ, ಬಿಳೀದು ಕೊಟ್ಟಿದ್ದಾರೆ. ಹಾಕ್ಕೊಳ್ಲಾ?’ ಮೆಡಿಕಲ್ ಶಾಪ್‌ನಲ್ಲಿ ‘ಎರಡೂ ಒಂದೇ, ಇದು ಕಮ್ಮಿ ರೇಟು’ ಅಂದಿದ್ದರಂತೆ. ಡಬ್ಬಿಯ ಫೋಟೊ ತರಿಸಿ ನೋಡಿದೆ. ಒಂದೇ ಆಗಿರಲಿಲ್ಲ. ಹಳೆಯದರಲ್ಲಿ ಆ ಒತ್ತಡ ಇಳಿಸುವ ಲ್ಯಾಟಾನೊಪ್ರೊಸ್ಟ್ ಅನ್ನೋ ಔಷಧಿ ಮಾತ್ರ ಇತ್ತು. ಹೊಸದರಲ್ಲಿ ಅದರ ಜೊತೆ ಟಿಮೊಲಾಲ್ ಅನ್ನೋ ಇನ್ನೊಂದು ಔಷಧಿಯೂ ಸೇರಿತ್ತು. ಅಮ್ಮನಿಗೆ ಉಬ್ಬಸ ಇದೆ. ಟಿಮೊಲಾಲ್ ಉಬ್ಬಸದವರಿಗೆ ಆಗಿಬರೋದಿಲ್ಲ, ಕಣ್ಣಿಗೆ ಬಿಟ್ಟ ಹನಿ ಮೂಗಿನೊಳಗೆ ಇಳಿದು ರಕ್ತ ಸೇರುತ್ತದೆ.

ಹಾಗಂತ ಜೆನೆರಿಕ್, ಅಂದರೆ ಮೂಲ ಕಂಪನಿಯ ಔಷಧಿಯನ್ನೇ ಬೇರೆ ಕಂಪನಿ ಮಾಡಿ ಮಾರೋದು, ಕೆಟ್ಟದ್ದು ಅಂತಲ್ಲ. ಲ್ಯಾಟಾನೊಪ್ರೊಸ್ಟ್‌ನ ಮೂಲ ಬ್ರ್ಯಾಂಡ್ ಝಾಲಟಾನ್. ಅಮೆರಿಕದಲ್ಲಿ ಅದಕ್ಕೆ 1996ರಲ್ಲಿ ಒಪ್ಪಿಗೆ ಸಿಕ್ಕಿತು, 2011ರಲ್ಲಿ ಪೇಟೆಂಟ್ ಮುಗಿಯಿತು. ನಮ್ಮಲ್ಲಿ ಎಷ್ಟೋ ಕಂಪನಿಗಳು ಅದೇ ಔಷಧಿಯನ್ನು ತಮ್ಮ ತಮ್ಮ ಹೆಸರಿಟ್ಟು ಮಾರುತ್ತಿವೆ. ಅಂದರೆ ನಾವು ‘ಬ್ರ್ಯಾಂಡ್’ ಅಂದುಕೊಂಡಿರೋದೂ ಹೆಚ್ಚಿನ ಸಲ ಹೆಸರಿಟ್ಟ ಜೆನೆರಿಕ್ಕೇ!

ಮೊದಲು ಡಬ್ಬಿ ಓದಿ

ದೊಡ್ಡ ಹೆಸರನ್ನು ಬಿಡಿ, ಔಷಧಿಯ ಹೆಸರು ನೋಡಿ. ಹಳೇ ಡಬ್ಬಿ, ಹೊಸ ಡಬ್ಬಿ ಪಕ್ಕಪಕ್ಕ ಇಟ್ಟುಕೊಳ್ಳಿ. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. ಲ್ಯಾಟಾನೊಪ್ರೊಸ್ಟ್ ಬದಲು ಟ್ರಾವೊಪ್ರೊಸ್ಟ್ ಕೊಟ್ಟರೆ ಅದು ಜೆನೆರಿಕ್ ಅಲ್ಲ, ಬೇರೆ ಔಷಧಿ. ಹೆಸರಿನ ಕೊನೆಗೆ ‘ಟಿ’ ಅಂತ ಬಾಲ ಇದ್ದರೆ ಟಿಮೊಲಾಲ್ ಸೇರಿದೆಯಾ ಅಂತ ನೋಡಿ.

ಶೇಕಡಾ ಅಂಕಿಯೂ ಮುಖ್ಯ. ಲ್ಯಾಟಾನೊಪ್ರೊಸ್ಟ್ 0.005% ಇರುತ್ತದೆ. ಬಿಮಾಟೊಪ್ರೊಸ್ಟ್ ಮಾತ್ರ 0.01% ಮತ್ತು 0.03% ಎರಡರಲ್ಲೂ ಬರುತ್ತದೆ. ಚೀಟಿಯಲ್ಲಿ ಯಾವುದು ಬರೆದಿದೆಯೋ ಅದನ್ನೇ ತನ್ನಿ.

ಆಮೇಲೆ ಹನಿ ಕೆಡದಂತೆ ಸೇರಿಸುವ ಪ್ರಿಸರ್ವೇಟಿವ್ ಯಾವುದು ನೋಡಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ ಇದ್ದರೆ ಕೆಲವರಿಗೆ ಉರಿ, ಕೆಂಪು ಜಾಸ್ತಿ. ಹೊಸ ಹನಿ ಉರಿದರೆ ಅದಕ್ಕೆ ಔಷಧಿಯೇ ಕಾರಣ ಅಂತಿಲ್ಲ, ಪ್ರಿಸರ್ವೇಟಿವ್ ಕೂಡ ಇರಬಹುದು.

ಬೆಲೆಯನ್ನು ದಿನಕ್ಕೆ ಇಳಿಸಿ

ಎಂಆರ್‌ಪಿ ನೋಡಿ ಮೋಸ ಹೋಗೋದು ಇಲ್ಲೇ. 2.5 ಮಿಲಿ ಬಾಟಲಿ ಅಂದರೆ 2500 ಮೈಕ್ರೋಲೀಟರ್. ಬಾಟಲಿಯ ತುದಿ 30 ಮೈಕ್ರೋಲೀಟರ್‌ನ ಹನಿ ಬೀಳಿಸಿದರೆ 83 ಹನಿ ಸಿಗುತ್ತದೆ, 50 ಮೈಕ್ರೋಲೀಟರ್‌ನದು ಬೀಳಿಸಿದರೆ ಬರೀ 50 ಹನಿ. ಎರಡೂ ಕಣ್ಣಿಗೆ ರಾತ್ರಿ ಒಂದೊಂದು ಅಂದರೆ ಎರಡನೆಯದು 25 ದಿನಕ್ಕೆ ಖಾಲಿ. ಮೊದಲನೆಯದು 41 ದಿನ ಬರಬಹುದು, ಆದರೆ ತೆರೆದ ಬಾಟಲಿಯನ್ನು ಸಾಮಾನ್ಯವಾಗಿ 4 ವಾರಕ್ಕೆ ಬಿಸಾಡಬೇಕು. ಹಾಗಾಗಿ 28 ದಿನ ಅಂತ ಹಿಡಿಯಿರಿ. ಈಗ 300 ರೂಪಾಯಿಯ ಬಾಟಲಿ 25 ದಿನ ಬಂದರೆ ದಿನಕ್ಕೆ 12 ರೂಪಾಯಿ. 330ರದ್ದು 28 ದಿನ ಬಂದರೆ 11.80. ಅಗ್ಗದ್ದು ಯಾವುದಾಯಿತು? ದೊಡ್ಡ ಹನಿ ಬಿದ್ದರೆ ಲಾಭವೂ ಇಲ್ಲ, ಕಣ್ಣಿಗೆ ಹಿಡಿಸದೆ ಕೆನ್ನೆ ಮೇಲೆ ಹರಿಯುತ್ತದೆ.

ನಿಮ್ಮ ಬಾಟಲಿಯ ಲೆಕ್ಕ ಗೊತ್ತಾಗಬೇಕಾ? ತೆರೆದ ದಿನಾಂಕವನ್ನು ಮಾರ್ಕರ್‌ನಲ್ಲಿ ಅದರ ಮೇಲೆ ಬರೆಯಿರಿ, ಖಾಲಿಯಾದ ದಿನ ಕ್ಯಾಲೆಂಡರ್ ನೋಡಿ. ಹಿಂಡೋಕೆ ಸುಲಭವೋ ಅಂತಲೂ ಗಮನಿಸಿ. ಸಂಧಿವಾತದ ಬೆರಳಿಗೆ ಗಟ್ಟಿ ಬಾಟಲಿ ಆಗೋದಿಲ್ಲ.

ಫ್ರಿಜ್ ಬೇಕಾ ಅಂತ ಕೇಳಿ

ಲ್ಯಾಟಾನೊಪ್ರೊಸ್ಟ್‌ನ ಹಲವು ಬಾಟಲಿಗಳನ್ನು ತೆರೆಯುವವರೆಗೆ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಡಬ್ಬಿ ಮೇಲೆ ಹಾಗೆ ಬರೆದಿದ್ದರೆ, ಅಂಗಡಿಯವರು ಅದನ್ನು ಫ್ರಿಜ್‌ನಿಂದ ತೆಗೆದರೋ ಶೆಲ್ಫ್‌ನಿಂದಲೋ ನೋಡಿ. ಕಲಬುರಗಿಯ ಮೇ ಬಿಸಿಲಲ್ಲಿ ಕೊರಿಯರ್ ಚೀಲದಲ್ಲಿ ಬೆಂದು ಬಂದ ಬಾಟಲಿ ಎಷ್ಟೇ ಒಳ್ಳೆ ಬ್ರ್ಯಾಂಡ್ ಆದರೇನು?

ಬದಲಿಸಿದ ಮೇಲೆ ಕಣ್ಣಿನ ಪ್ರೆಷರ್ ನೋಡಿಸಿ

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಿಮ್ಮ ಕಣ್ಣಿನಲ್ಲೇ ಇದೆ. 2007ರಲ್ಲಿ ನಮ್ಮ ದೇಶದಲ್ಲೇ 30 ಜನರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಮೂಲ ಬ್ರ್ಯಾಂಡ್ ಒತ್ತಡವನ್ನು ಜೆನೆರಿಕ್‌ಗಿಂತ ಹೆಚ್ಚು ಇಳಿಸಿತ್ತು. ಹೊರಗೆ ನಡೆದ ಬೇರೆ ಕೆಲವು ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಡಾಕ್ಟರಿಗೆ ಹೇಳಿಯೇ ಬದಲಿಸಿ. ನಾಲ್ಕಾರು ವಾರ ಬಿಟ್ಟು ಪ್ರೆಷರ್ ನೋಡಿಸಿ. ಹಿಂದಿನ ಸಲ ಬೆಳಿಗ್ಗೆ ನೋಡಿಸಿದ್ದರೆ ಈ ಸಲವೂ ಬೆಳಿಗ್ಗೆಯೇ ಹೋಗಿ, ಯಾಕೆಂದರೆ ಒತ್ತಡ ದಿನವಿಡೀ ಏರಿಳಿಯುತ್ತದೆ. ಅಂಕಿ ಸರಿಯಿದ್ದರೆ ಅದರಲ್ಲೇ ಇರಿ. ತಿಂಗಳಿಗೊಂದು ಕಂಪನಿ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತಲೇ ತಿಳಿಯೋದಿಲ್ಲ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮತ್ತೆ ಬರೋದೂ ಇಲ್ಲ.

ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಎರಡು ಔಷಧಿ ಇದ್ದರೆ ಮಧ್ಯೆ ಐದು ನಿಮಿಷ ಬಿಡಿ.

ಅಮ್ಮನಿಗೆ ಆಮೇಲೆ ಡಾಕ್ಟರೇ ಬರೀ ಲ್ಯಾಟಾನೊಪ್ರೊಸ್ಟ್ ಇರುವ ಜೆನೆರಿಕ್ ಬರೆದುಕೊಟ್ಟರು. ಒತ್ತಡ ಹಿಡಿತದಲ್ಲಿದೆ. ಅದರ ಮುಚ್ಚಳವೂ ಬಿಳೀದೇ. ಪ್ರತಿ ಬಾಟಲಿಗೂ ಒಂದು ತುಂಡು ನೀಲಿ ಟೇಪ್ ಸುತ್ತಿಕೊಡುತ್ತೇನೆ.