ವಿಜಯಪುರದ ಬಿಸಿಲಲ್ಲಿ ಉಪ್ಪುನೀರಿನ ತೊಟ್ಟಿ: ಪ್ರೋಟೀನ್ ಸ್ಕಿಮ್ಮರ್ ಕೂರಿಸಿದ ಬಗೆ

ಪ್ರೋಟೀನ್ ಸ್ಕಿಮ್ಮರ್ ಎಂದರೆ ಉಪ್ಪುನೀರಿಗೆ ಗಾಳಿಯ ಸಣ್ಣ ಗುಳ್ಳೆ ಬೆರೆಸಿ, ನೀರಿನ ಹೊಲಸನ್ನು ನೊರೆಯಾಗಿ ಕುತ್ತಿಗೆಯ ಮೂಲಕ ಮೇಲಿನ ಕಪ್ಪಿಗೆ ಏರಿಸುವ ಸಾಧನ. ನೊರೆ ಏರಲಿಲ್ಲವೆಂದರೆ ಕೈ ಮೊದಲು ಹೋಗುವುದು ಅದರಿಂದ ನೀರು ಹೊರಹೋಗುವ ದಾರಿಯ ವಾಲ್ವ್‌ಗೆ. ಬಹುತೇಕ ಸಲ ತಪ್ಪಿರುವುದು ಸಂಪ್‌ನ ನೀರಿನ ಮಟ್ಟದಲ್ಲಿ. (ಸಂಪ್ ಎಂದರೆ ಅಂಗಳದಲ್ಲಿ ನಳದ ನೀರು ತುಂಬಿಡುವ ಸಂಪ್ ಅಲ್ಲ; ತೊಟ್ಟಿಯ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಇನ್ನೊಂದು ಗಾಜಿನ ಪೆಟ್ಟಿಗೆ.) ನಮ್ಮಂಥ ಒಣಹವೆಯ ಊರಲ್ಲಿ ಆ ಮಟ್ಟವನ್ನು ಹಿಡಿದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ನನ್ನ ತೊಟ್ಟಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸಂಪ್ ಸೇರಿಸಿ, ಕಲ್ಲು ಮರಳಿನ ಜಾಗ ಕಳೆದರೆ ಸುಮಾರು 250 ಲೀಟರ್ ನೀರು. ಡಬ್ಬದ ಮೇಲೆ 500 ಲೀಟರ್ ಎಂದಿದ್ದ ಸ್ಕಿಮ್ಮರ್ ಆರಿಸಿಕೊಂಡೆ. ಡಬ್ಬದ ಅಂಕಿಯನ್ನು ಅರ್ಧಕ್ಕಿಳಿಸಿ ಓದುವುದು ಒಳ್ಳೆಯದು. ಹಾಗೆಂದು ತೀರಾ ದೊಡ್ಡದೂ ಬೇಡ. ನೀರಿನಲ್ಲಿ ಹೊಲಸು ಸಾಲದಿದ್ದರೆ ಅಗಲ ಕುತ್ತಿಗೆಯಲ್ಲಿ ನೊರೆ ನಿಲ್ಲುವುದಿಲ್ಲ. ಹೊರದೇಶದ್ದು ತರಿಸುವವರು ಪಂಪಿನ ಚೀಟಿ ಓದಲಿ. 60 ಹರ್ಟ್ಸ್‌ನ ಪಂಪಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಸ್ ನಮ್ಮ 50ರಲ್ಲೇ ಉಳಿಯುತ್ತದೆ. ಪಂಪ್ ನಿಧಾನವಾಗಿ ತಿರುಗಿ ಗಾಳಿ ಕಡಿಮೆ ಎಳೆಯುತ್ತದೆ.

ನೀರಿನ ವಿಷಯ ಚುಟುಕಾಗಿ: ಬೋರ್ ನೀರು ಗಡಸು, ನೇರ ಬಳಸಬೇಡಿ. ಆರ್‌ಒ ಆದಮೇಲೆ, ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿಸಿ ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆಗೆ ತಂದು, ಸಾಂದ್ರತೆ 1.025 ಬರುವಷ್ಟು ರೀಫ್ ಉಪ್ಪು (ಹವಳದ ತೊಟ್ಟಿಗೆಂದೇ ಸಿಗುವ ಉಪ್ಪು) ಬೆರೆಸುತ್ತೇನೆ. ಸಿಹಿನೀರಿನಲ್ಲಿ ಸ್ಕಿಮ್ಮರ್ ಪರೀಕ್ಷಿಸಿ ‘ಇದು ಕೆಟ್ಟಿದೆ’ ಎನ್ನುವವರಿದ್ದಾರೆ. ಸಿಹಿನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಉಪ್ಪುನೀರಲ್ಲಿ ಸಣ್ಣದಾಗಿಯೇ ಉಳಿಯುತ್ತವೆ. ಆ ಸಣ್ಣ ಗುಳ್ಳೆಯ ಮೈಗೇ ಪ್ರೋಟೀನ್, ಜಿಡ್ಡು ಅಂಟಿ ಮೇಲೇರುವುದು.

ಈಗ ಮಟ್ಟಕ್ಕೆ ಬರೋಣ. ಆವಿಯಾದ ನೀರಿನ ಲೆಕ್ಕವೆಲ್ಲ ತೋರುವುದು ಸಂಪ್‌ನ ಕೊನೆಯ ಕೋಣೆಯಲ್ಲಿ, ನೀರನ್ನು ಮೇಲಿನ ತೊಟ್ಟಿಗೆ ವಾಪಸ್ ಎತ್ತುವ ರಿಟರ್ನ್ ಪಂಪ್ ಇರುವಲ್ಲಿ. ನನ್ನದರಲ್ಲಿ ಆ ಕೋಣೆ 25 ಸೆಂ.ಮೀ.ಗೆ 38 ಸೆಂ.ಮೀ.; ಅಂದರೆ ಒಂದು ಲೀಟರ್ ಹೋದರೆ ಮಟ್ಟ ಒಂದು ಸೆಂ.ಮೀ. ಇಳಿಯುತ್ತದೆ. ಏಪ್ರಿಲ್-ಮೇನಲ್ಲಿ ನೀರು ತಂಪಾಗಿಡಲು ಫ್ಯಾನ್ ಹಚ್ಚಿದರೆ ದಿನಕ್ಕೆ ಐದಾರು ಲೀಟರ್ ಆರಿಹೋಗುತ್ತದೆ. ಸ್ಕಿಮ್ಮರ್ ಅಲ್ಲಿದ್ದರೆ ಬೆಳಿಗ್ಗೆ ಉಕ್ಕಿ, ಸಂಜೆಗೆ ಒಣಗಿ ಕೂರುತ್ತದೆ. ಆದ್ದರಿಂದ ಅದನ್ನು ಮೊದಲ ಕೋಣೆಯಲ್ಲಿಟ್ಟು, ಮುಂದಿನ ಗಾಜಿನ ತಡೆಯನ್ನು 22 ಸೆಂ.ಮೀ. ಎತ್ತರಕ್ಕೆ ಅಂಟಿಸಿದ್ದೇನೆ. ನೀರು ಆ ತಡೆ ದಾಟಿಯೇ ಹೋಗಬೇಕಾದ್ದರಿಂದ ಅಲ್ಲಿನ ಮಟ್ಟ ಅಲುಗದು. ನನ್ನ ಸ್ಕಿಮ್ಮರ್ ಕೇಳುವುದು 18ರಿಂದ 20 ಸೆಂ.ಮೀ. ಆಳ, ಕೆಳಗೆ 3 ಸೆಂ.ಮೀ. ಅಕ್ರಿಲಿಕ್ ಪೀಠ ಕೊಟ್ಟರೆ 19 ಸಿಗುತ್ತದೆ. ಇಟ್ಟಂಗಿ ಇಡಬೇಡಿ, ಉಪ್ಪುನೀರಿಗೆ ಏನೇನು ಬಿಡುತ್ತದೋ.

ಹೊಸದನ್ನು ಕಾರ್ಖಾನೆಯ ಜಿಡ್ಡು ಹೋಗುವಂತೆ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ತೊಳೆದು, ಗೇಟ್ ವಾಲ್ವ್ ಪೂರ್ತಿ ತೆರೆದು ಓಡಿಸಿ. ನಾಲ್ಕೈದು ದಿನ, ಕೆಲವೊಮ್ಮೆ ಎರಡು ವಾರ ಅದರ ವರ್ತನೆ ನಂಬುವಂಥದ್ದಲ್ಲ. ಆಮೇಲೆ ವಾಲ್ವ್ ಕಾಲು ಸುತ್ತು ಮುಚ್ಚಿ (ಮುಚ್ಚಿದಷ್ಟೂ ಒಳಗಿನ ನೀರು ಏರುತ್ತದೆ), ಒಂದು ದಿನ ಬಿಡಿ. ಒಳಗಿನ ನೀರು ಕುತ್ತಿಗೆ ಶುರುವಾಗುವ ಜಾಗಕ್ಕೆ ನಿಂತು, ನೊರೆ ಕುತ್ತಿಗೆಯ ಮೇಲಿನ ಮೂರನೇ ಒಂದು ಭಾಗದಲ್ಲಿ ಒಡೆಯುವಂತಾದರೆ ಕೈ ತೆಗೆಯಿರಿ. ಒಂದೇ ಸಂಜೆ ಐದು ಸಲ ತಿರುಗಿಸಿದರೆ ಯಾವ ತಿರುವಿನ ಫಲ ಯಾವುದೆಂದು ತಿಳಿಯದು.

ಕಪ್ಪಿನ ನೀರು ಹಾಲಿಲ್ಲದ ಗಟ್ಟಿ ಚಹಾದ ಬಣ್ಣದಲ್ಲಿರಲಿ. ತೆಳುವಾಗಿದ್ದರೆ ಹೊಲಸಿನ ಜೊತೆ ಉಪ್ಪೂ ಹೋಗುತ್ತಿದೆ. ದಿನಕ್ಕೆ ಅರ್ಧ ಲೀಟರ್ ತೆಗೆದು ಆ ಜಾಗಕ್ಕೆ ಆಟೋ ಟಾಪ್-ಅಪ್ (ಮಟ್ಟ ಇಳಿದಾಗ ತಾನೇ ನೀರು ತುಂಬುವ ಸಾಧನ) ಸಿಹಿನೀರು ಸುರಿದರೆ ತಿಂಗಳಿಗೆ 500 ಗ್ರಾಂಗೂ ಹೆಚ್ಚು ಉಪ್ಪು ಖಾಲಿ; 250 ಲೀಟರಿನಲ್ಲಿ ಲವಣಾಂಶ ಸಾವಿರಕ್ಕೆ 35ರಿಂದ 33ಕ್ಕೆ ಇಳಿಯುತ್ತದೆ. ಹವಳ ಬಾಡಿದ್ದಕ್ಕೆ ದೀಪವನ್ನು ಬೈಯುವ ಮುನ್ನ ಇದನ್ನು ಅಳೆಯಿರಿ.

ನೊರೆ ದಿಢೀರ್ ಕುಸಿದರೆ ಮೊದಲ ಗುಮಾನಿ ಎಣ್ಣೆಯ ಮೇಲೆ. ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿದ ಕೈ ನೀರಿಗಿಳಿದರೆ ಸಾಕು, ಕೆಲವು ತಾಸು ನೊರೆ ಮಾಯ. ಜಿಡ್ಡಿನ ಆಹಾರ ಹಾಕಿದಾಗಲೂ ಹೀಗೆಯೇ. ತಾನೇ ಸರಿಹೋಗುತ್ತದೆ, ಮುಟ್ಟಬೇಡಿ. ಕ್ಲೋರಿನ್ ತೆಗೆಯುವ ದ್ರವ, ಔಷಧಿ, ಎಪಾಕ್ಸಿ ಅಂಟು ಉಲ್ಟಾ ಮಾಡುತ್ತವೆ, ಕಪ್ ಉಕ್ಕುತ್ತದೆ.

ಮೆಲ್ಲಗೆ, ವಾರಗಟ್ಟಲೆ ಕುಗ್ಗಿದರೆ ಗಾಳಿಯ ಪೈಪ್ ನೋಡಿ. ಜೋಳದ ಸುಗ್ಗಿಯ ಹೊತ್ತಿಗೆ ಇಲ್ಲಿ ಹಾರುವ ದೂಳು ಒಳಗಿನ ಉಪ್ಪಿನ ಪಸೆಗೆ ಸೇರಿ ಬಾಯಿ ಕಟ್ಟುತ್ತದೆ. ಇದನ್ನು ಬಿಟ್ಟು ವಾಲ್ವ್ ಮುಚ್ಚುತ್ತಾ ಹೋದವರು, ಪೈಪ್ ತೆರವಾದ ದಿನ ಸ್ಟ್ಯಾಂಡ್ ತುಂಬ ನೀರು ಒರೆಸುತ್ತಾರೆ. ತಿಂಗಳಿಗೊಮ್ಮೆ, ಪಂಪ್ ಓಡುತ್ತಿರುವಾಗಲೇ, ಪೈಪಿನ ತುದಿಯನ್ನು ಬೆಚ್ಚಗಿನ ಆರ್‌ಒ ನೀರಿನ ಲೋಟದಲ್ಲಿ ಅದ್ದಿ ಒಂದೆರಡು ಗುಟುಕು ಎಳೆಯಲು ಬಿಡುತ್ತೇನೆ. ಪೈಪ್ ಎಲ್ಲಿಂದ ಉಸಿರಾಡುತ್ತದೆ ಎಂಬುದೂ ಮುಖ್ಯ. ಒಗ್ಗರಣೆ ಹೊಗೆ, ಊದುಬತ್ತಿ ಎಲ್ಲ ನೇರ ನೀರಿಗೆ ಹೋಗುತ್ತವೆ. ಸೊಳ್ಳೆ ದ್ರವದ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ವಿಷ. ನನ್ನ ಪೈಪ್ ಕಿಟಕಿಯಾಚೆ ಬಾಯಿ ತೆರೆದಿದೆ.

ಕುತ್ತಿಗೆಯ ಜಿಡ್ಡು ಮೂರು ದಿನಕ್ಕೊಮ್ಮೆ ಒರೆಸಬೇಕು. ಸ್ಕಿಮ್ಮರ್‌ನ ಪಂಪನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ, ಲೀಟರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದ ನೀರಲ್ಲಿ ನೆನೆಸಿದರೆ, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸೂಜಿಚಕ್ರದ ಸುಣ್ಣ ಕರಗುತ್ತದೆ. ಬ್ರಶ್ ಒತ್ತಿ ಉಜ್ಜಿದರೆ ಸೂಜಿಗಳು ಮುರಿಯುತ್ತವೆ.

ಇನ್ನು ಕರೆಂಟ್. ಅದು ಹೋದಾಗ ಮೇಲಿನ ತೊಟ್ಟಿಯ ನೀರು ಪೈಪಿನಿಂದ ಇಳಿದು ಸಂಪ್‌ನ ಮಟ್ಟ ತಡೆಗಿಂತ ಮೇಲೇರುತ್ತದೆ. ಬಂದ ತಕ್ಷಣ ಎರಡೂ ಪಂಪ್ ಒಟ್ಟಿಗೆ ಎದ್ದರೆ, ಆಳದ ನೀರಲ್ಲಿ ನಿಂತ ಸ್ಕಿಮ್ಮರ್ ಕಪ್ಪಿನ ಹೊಲಸನ್ನೆಲ್ಲ ವಾಪಸ್ ಚೆಲ್ಲುತ್ತದೆ. ಸ್ಕಿಮ್ಮರ್‌ನ ಸಾಕೆಟ್ಟಿಗೆ 10 ನಿಮಿಷ ತಡವಾಗಿ ಶುರುವಾಗುವ ಟೈಮರ್ ಹಾಕಿದ್ದೇನೆ. ಅಷ್ಟರಲ್ಲಿ ರಿಟರ್ನ್ ಪಂಪ್ ನೀರನ್ನು ಮೇಲೆತ್ತಿರುತ್ತದೆ. ವೋಲ್ಟೇಜ್ ಕುಗ್ಗಿದಾಗ ಕೆಲವು ಪಂಪ್ ಗುಂಯ್‌ಗುಟ್ಟುತ್ತಾ ನಿಲ್ಲುತ್ತವೆ, ಇಲ್ಲವೇ ಉಲ್ಟಾ ತಿರುಗುತ್ತವೆ. ಸದ್ದು ಬದಲಾಗಿ ಗುಳ್ಳೆ ದಪ್ಪವಾಗಿದ್ದರೆ ಪ್ಲಗ್ ತೆಗೆದು, ಹತ್ತು ಎಣಿಸಿ, ಮತ್ತೆ ಹಾಕಿ.