ಪೇಪರ್ ಹಾಕುವ ಮುನ್ನ: ನೋಟಿಸ್ ಪೀರಿಯಡ್ಡಿನ ಲೆಕ್ಕಾಚಾರ

ಕೆಲಸ ಬಿಡುವಾಗ ಮುಂಚಿತವಾಗಿ ನೋಟಿಸ್ ಕೊಡಬೇಕೆ? ಉತ್ತರ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರಿನಲ್ಲೇ ಇದೆ, ಸೇರುವ ದಿನದ ಖುಷಿಯಲ್ಲಿ ಓದದೆ ಸಹಿ ಹಾಕಿದ ಯಾವುದೋ ಪುಟದಲ್ಲಿ. ಮ್ಯಾನೇಜರಿಗೆ ಹೇಳುವ ಮುಂಚೆ, ಪಕ್ಕದ ಸೀಟಿನವರಿಗೆ ಪಿಸುಗುಡುವುದಕ್ಕೂ ಮುಂಚೆ, ಆ ಪುಟ ಹುಡುಕಿ. ನೋಟಿಸ್ ಎಷ್ಟು ದಿನ, ಕಡಿಮೆ ಬಿದ್ದ ದಿನಗಳಿಗೆ ದುಡ್ಡು ಕಟ್ಟಿ ಹೋಗಬಹುದೇ, ಆ ದುಡ್ಡು ಬೇಸಿಕ್ (ಮೂಲ ವೇತನ) ಮೇಲೋ ಗ್ರಾಸ್ (ಭತ್ಯೆಗಳೂ ಸೇರಿದ ಒಟ್ಟು ಸಂಬಳ) ಮೇಲೋ, ನೋಟಿಸಿನಲ್ಲಿ ರಜೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಪ್ರೊಬೇಷನ್ ಮುಗಿದಿಲ್ಲವಾದರೆ ನೋಟಿಸ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಕನ್ಫರ್ಮೇಷನ್ ಲೆಟರ್ ಬಂದಿದ್ದರೆ ಅದನ್ನೂ ತೆಗೆದು ನೋಡಿ, ಎಷ್ಟೋ ಸಲ 30 ದಿನ ಇದ್ದದ್ದು ಅಲ್ಲಿ 90 ಆಗಿರುತ್ತದೆ.

ಕಾನೂನು ಏನನ್ನುತ್ತದೆ? ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಮಿನಲ್ಲಿ ಒಂದು ತಿಂಗಳ ನೋಟಿಸಿನ ಮಾತು ಬರುತ್ತದೆ. ಆದರೆ ಅದು ಆರು ತಿಂಗಳು ಸತತ ದುಡಿದವರನ್ನು ತೆಗೆದುಹಾಕುವ ಮಾಲೀಕರಿಗೆ ಹಾಕಿದ ಕಟ್ಟು. ಖಾಸಗಿ ಕಚೇರಿಯ ನೌಕರರು ತಾವಾಗಿ ಬಿಡುವಾಗ ಅವರನ್ನು ಕಟ್ಟಿಹಾಕುವುದು ಮುಖ್ಯವಾಗಿ ಅವರೇ ಸಹಿ ಹಾಕಿದ ಕರಾರು. ಹಾಗೆಂದು ಕಂಪನಿ ನಿಮ್ಮನ್ನು ಬಲವಂತವಾಗಿ ಕೂರಿಸಿ ದುಡಿಸಲಾರದು. ಸ್ವತಃ ದುಡಿಯುವ ಕರಾರನ್ನು ಕೋರ್ಟಿನ ಆದೇಶದಿಂದ ಮಾಡಿಸಿಕೊಳ್ಳಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಬಿಡುವುದಿಲ್ಲ. ಕಂಪನಿ ಕೇಳಬಹುದಾದದ್ದು ಹಣ. ಬಾಂಡ್ ಬರೆದುಕೊಟ್ಟವರು ಮಾತ್ರ ಇನ್ನಷ್ಟು ಎಚ್ಚರದಿಂದಿರಬೇಕು: ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ‘ಬಾಂಡಿಗೆಲ್ಲ ಕೋರ್ಟಲ್ಲಿ ಬೆಲೆ ಇಲ್ಲ’ ಎಂಬ ಕ್ಯಾಂಟೀನ್ ಸಲಹೆಯನ್ನು ನಂಬಿ ಹೊರಡಬೇಡಿ.

ದಿನದ ಲೆಕ್ಕ

ಮಾರ್ಚ್ 4ಕ್ಕೆ ಪೇಪರ್ ಹಾಕಿದಿರಿ, ನೋಟಿಸ್ 60 ದಿನ ಎಂದುಕೊಳ್ಳಿ. ಆ ದಿನವನ್ನೂ ಸೇರಿಸಿ ಎಣಿಸಿದರೆ ಕೊನೆಯ ದಿನ ಮೇ 2. ಮರುದಿನದಿಂದ ಎಣಿಸಿದರೆ ಮೇ 3. ಪತ್ರದಲ್ಲಿ ‘ಎರಡು ತಿಂಗಳು’ ಎಂದಿದ್ದರೆ ಮೇ 4ರವರೆಗೂ ಎಳೆಯಬಹುದು. ಅಪರೂಪಕ್ಕೆ ‘60 ವರ್ಕಿಂಗ್ ಡೇಸ್’ ಎಂದು ಬರೆದಿರುತ್ತಾರೆ. ವಾರಕ್ಕೆ ಐದು ದಿನದ ಕೆಲಸವಾದರೆ ಅದು ಹನ್ನೆರಡು ವಾರ, ಮೇ ಕೊನೆಯೇ ಬರುತ್ತದೆ. ಒಂದೆರಡು ದಿನದ ವ್ಯತ್ಯಾಸ ತಾನೇ ಎನ್ನಬೇಡಿ. ಹೊಸ ಕಡೆ ಮೇ 4ಕ್ಕೆ ಸೇರುತ್ತೇನೆಂದು ಒಪ್ಪಿಕೊಂಡಿದ್ದು, ಹಳೆಯವರೂ ಮೇ 4ನ್ನೇ ಕೊನೆಯ ದಿನವೆಂದು ದಾಖಲಿಸಿದರೆ ಪಿಎಫ್ ಸರ್ವೀಸ್ ಹಿಸ್ಟರಿಯಲ್ಲಿ ಎರಡು ನೌಕರಿ ಒಂದರ ಮೇಲೊಂದು ಬೀಳುತ್ತವೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಮೊದಲು ಕೇಳುವುದೇ ಅದನ್ನು. ನಡುವೆ ಎರಡು ಮೂರು ದಿನ ಖಾಲಿ ಬಿಡಿ.

ದುಡ್ಡಿನ ಲೆಕ್ಕ

ಗ್ರಾಸ್ 90,000, ಬೇಸಿಕ್ 45,000 ಇರುವ ಒಬ್ಬರು 60ರಲ್ಲಿ 38 ದಿನ ಮಾತ್ರ ಕೆಲಸ ಮಾಡಿ ಹೋಗಬೇಕಾಗಿದೆ. ಉಳಿದದ್ದು 22 ದಿನ. ಬೇಸಿಕ್ ಮೇಲೆ, 30ರಿಂದ ಭಾಗಿಸಿದರೆ ದಿನಕ್ಕೆ 1,500, ಒಟ್ಟು 33,000. ಗ್ರಾಸ್ ಮೇಲಾದರೆ ನೇರ 66,000. ಒಂದು ಪದಕ್ಕೆ 33,000 ರೂಪಾಯಿ ವ್ಯತ್ಯಾಸ! ಪತ್ರದಲ್ಲಿ ಬರೀ ‘ಸ್ಯಾಲರಿ’ ಎಂದಿದ್ದರೆ ಯಾವ ಸ್ಯಾಲರಿ ಎಂದು ಎಚ್‌ಆರ್‌ಗೆ ಮೇಲ್‌ನಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಉಳಿದಿರುವ ಅರ್ನ್ಡ್ ಲೀವನ್ನು ಕಡಿಮೆ ಬಿದ್ದ ದಿನಗಳಿಗೆ ಹೊಂದಿಸಲು ಕೆಲವು ಕಡೆ ಬಿಡುತ್ತಾರೆ. ಖಾತೆಯಲ್ಲಿ 14 ದಿನ ರಜೆ ಇದ್ದರೆ ಮೇಲಿನ 33,000 ರೂಪಾಯಿ 12,000ಕ್ಕೆ ಇಳಿಯುತ್ತದೆ. ಹೀಗೆ ಕಡಿತವಾಗುವ ಹಣಕ್ಕೆ ಜಿಎಸ್‌ಟಿ ಇಲ್ಲ. 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಇದು ಸ್ಪಷ್ಟವಾಗಿದೆ, ಯಾರಾದರೂ 18% ಸೇರಿಸಿದ್ದರೆ ತೆಗೆಸಿ.

ಬೈಔಟ್ ಹಣ, ಅಂದರೆ ಕಡಿಮೆ ಬಿದ್ದ ದಿನಗಳಿಗೆ ಕಟ್ಟುವ ದುಡ್ಡು, ಹೊಸ ಕಂಪನಿ ಕೊಡುತ್ತದೆಂದರೆ ಆಫರ್ ಲೆಟರಿನಲ್ಲಿ ಮೊತ್ತ ಬರೆಸಿ. ಫೋನಿನಲ್ಲಿ ‘ನೋಡಿಕೊಳ್ಳೋಣ’ ಎಂದ ರಿಕ್ರೂಟರ್ ನೀವು ಸೇರುವ ಹೊತ್ತಿಗೆ ತಾನೇ ಪೇಪರ್ ಹಾಕಿರಬಹುದು. ಆ ಹಣ ಸಾಮಾನ್ಯವಾಗಿ ಸೇರಿದ ಮೇಲೆ ಸಂಬಳದ ಜತೆ, ತೆರಿಗೆ ಕಳೆದು ಬರುತ್ತದೆ. ಅಲ್ಲಿಯವರೆಗೆ ಕೈಯಿಂದಲೇ ಹಾಕಿರಬೇಕು.

ಬೈಔಟಿಗೆ ಆತುರಪಡಬಾರದ ಒಂದು ಸಂದರ್ಭವಿದೆ: ಸೇವೆ ಐದು ವರ್ಷಕ್ಕೆ ಹತ್ತಿರವಿದ್ದಾಗ. ನೋಟಿಸ್ ದಿನಗಳೂ ಸೇವೆಯೇ. ಬೇಸಿಕ್ 45,000 ಇರುವವರಿಗೆ ಐದು ವರ್ಷಕ್ಕೆ ಗ್ರಾಚ್ಯುಟಿ (ದೀರ್ಘ ಸೇವೆಗೆ ಕಂಪನಿ ಕೊಡುವ ಇಡುಗಂಟು) 45,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿದಷ್ಟು, ಅಂದರೆ ಸುಮಾರು 1,29,800 ರೂಪಾಯಿ. 4 ವರ್ಷ 10 ತಿಂಗಳಿಗೆ ಪೇಪರ್ ಹಾಕಿ, 60 ದಿನ ಪೂರ್ತಿ ಮಾಡಿ, ಕೊನೆಯ ದಿನವನ್ನು ಐದು ವರ್ಷದ ಗೆರೆ ದಾಟಿಸಿದರೆ ಅದು ನಿಮ್ಮದು. ನಾಲ್ಕು ವರ್ಷದ ಮೇಲೆ 240 ದಿನವಾದರೆ ಸಾಕು ಎಂಬ ವಾದವೂ ಇದೆ. ಅದನ್ನು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ, ನೆಚ್ಚಿಕೊಂಡು ಕೂರಬೇಡಿ.

ಹೇಳುವುದು, ಬರೆಯುವುದು

ಸಹಿಯಾದ ಆಫರ್ ಲೆಟರ್ ಕೈಗೆ ಬರದೆ ಬಾಯಿ ಬಿಡಬೇಡಿ. ಬಂದ ಮೇಲೆ ಮೊದಲು ಮ್ಯಾನೇಜರ್ ಜತೆ ಹತ್ತು ನಿಮಿಷ ಮಾತು, ಅದೇ ದಿನ ಮೇಲ್. ಬರೀ ಬಾಯಿಮಾತಿನ ರಾಜೀನಾಮೆಯಿಂದ ನೋಟಿಸ್ ಶುರುವಾಗುವುದಿಲ್ಲ. ‘ಇನ್ನೊಂದು ವಾರ ಯೋಚನೆ ಮಾಡಿ’ ಎಂದವರು ಆ ವಾರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೇಲ್ ಇಷ್ಟಿದ್ದರೆ ಸಾಕು:

‘ಇಂದು, ಮಾರ್ಚ್ 4ರಂದು, ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿರುವ 60 ದಿನಗಳ ನೋಟಿಸ್ ಅವಧಿ ಇಂದಿನಿಂದ ಆರಂಭ. ಕೊನೆಯ ಕೆಲಸದ ದಿನ ಮೇ 2. ರಾಜೀನಾಮೆ ಸ್ವೀಕರಿಸಿ, ಈ ದಿನಾಂಕ ಖಚಿತಪಡಿಸಿ ಉತ್ತರಿಸಬೇಕಾಗಿ ವಿನಂತಿ.’

ಕಾರಣ ಬರೆಯಬೇಕಿಲ್ಲ. ಸಿಟ್ಟಂತೂ ಬೇಡವೇ ಬೇಡ. ಎಚ್‌ಆರ್‌ಗೂ ನಿಮ್ಮ ಸ್ವಂತ ಮೇಲ್ ಐಡಿಗೂ ಪ್ರತಿ ಹೋಗಲಿ, ಏಕೆಂದರೆ ಕೊನೆಯ ದಿನ ಸಂಜೆ ಆಫೀಸ್ ಮೇಲ್ ಬಂದ್ ಆಗುತ್ತದೆ. ಪೋರ್ಟಲ್‌ನಲ್ಲಿ ರಿಸೈನ್ ಬಟನ್ ಇದ್ದರೆ ಅದನ್ನೂ ಒತ್ತಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ದಿನ ಕಡಿಮೆ ಮಾಡಿಸಿಕೊಳ್ಳಬೇಕೇ? ‘ಬೇಗ ಬಿಡಿ ಸಾರ್’ ಎಂದು ಗೋಗರೆಯುವುದಕ್ಕಿಂತ ಒಂದು ಪುಟದ ಕೆಟಿ ಪ್ಲಾನ್ (ಕೆಲಸ ಒಪ್ಪಿಸಿಕೊಡುವ ಯೋಜನೆ) ಹಿಡಿದು ಹೋಗಿ: ಯಾವ ಕೆಲಸ ಯಾರಿಗೆ, ಯಾವ ದಿನದೊಳಗೆ, ಯಾವುದು ನೀವೇ ಮುಗಿಸಿಕೊಡುತ್ತೀರಿ. ಮ್ಯಾನೇಜರಿಗೆ ಬೇಕಾದದ್ದು ಜಾಗ ಖಾಲಿಯಾದ ಮೇಲೂ ಕೆಲಸ ನಿಲ್ಲದಿರುವುದು. ನೋಟಿಸ್ ನಡುವೆ ರಜೆ ಹಾಕಿದರೆ ಹಲವು ಕಡೆ ಅಷ್ಟೇ ದಿನ ಕೊನೆಗೆ ಅಂಟಿಸುತ್ತಾರೆ, ತಂಗಿಯ ಮದುವೆ ಇದ್ದರೆ ಮೊದಲೇ ಹೇಳಿಬಿಡಿ.

ಲೆಟರ್ ಇಲ್ಲದ ಕಡೆ, ಅಂದರೆ ಜವಳಿ ಅಂಗಡಿ, ಕ್ಲಿನಿಕ್, ಎಂಟು ಜನರ ಆಡಿಟರ್ ಆಫೀಸು, ಒಂದು ತಿಂಗಳು ಮುಂಚೆ ಹೇಳುವುದು ಮರ್ಯಾದೆ. ಸಂಬಳ ಖಾತೆಗೆ ಬಿದ್ದ ಮರುದಿನ ಹೇಳಿ, ಅದರಲ್ಲಿ ತಪ್ಪೇನಿಲ್ಲ. ಎದುರಿಗೆ ಹೇಳಿ ಬಂದು ವಾಟ್ಸ್ಆ್ಯಪ್‌ನಲ್ಲೂ ಹಾಕಿ: ‘ಸಾರ್, ಬೆಳಿಗ್ಗೆ ಹೇಳಿದ ಹಾಗೆ ಮುಂದಿನ ತಿಂಗಳು 6ರವರೆಗೆ ಬರ್ತೀನಿ.’ ಮುಂದೆ ತಕರಾರಾದರೆ ಆ ಎರಡು ನೀಲಿ ಗೆರೆಗಳೇ ಸಾಕ್ಷಿ.

ಹೇಳದೆ ಕೇಳದೆ ಹೋಗುವುದು ಮಾತ್ರ ದುಬಾರಿ. ‘ಅಬ್‌ಸ್ಕಾಂಡಿಂಗ್’ ಎಂದು ದಾಖಲಾದರೆ ರಿಲೀವಿಂಗ್ ಲೆಟರ್ ಸಿಗುವುದಿಲ್ಲ, ಮುಂದಿನ ವೆರಿಫಿಕೇಷನ್‌ನಲ್ಲಿ ಅದೇ ಪದ ಎದುರಾಗುತ್ತದೆ. ತಿಂಗಳುಗಟ್ಟಲೆ ಸಂಬಳವಿಲ್ಲ, ಕಿರುಕುಳವಿದೆ, ಜೀವಕ್ಕೆ ಅಪಾಯವಿದೆ ಎಂದಾದರೆ ತಕ್ಷಣ ಹೊರಡಿ, ಆದರೆ ಕಾರಣವನ್ನು ದಿನಾಂಕ ಸಮೇತ ಬರೆದು ಕಳಿಸಿ ಹೊರಡಿ. ಲೈಂಗಿಕ ಕಿರುಕುಳವಾಗಿದ್ದರೆ ಕೆಲಸ ಬಿಟ್ಟ ಮೇಲೂ ಆಂತರಿಕ ಸಮಿತಿಗೆ ದೂರು ಕೊಡಬಹುದು, ಘಟನೆಯಿಂದ ಮೂರು ತಿಂಗಳೊಳಗೆ.

ಕೊನೆಯ ವಾರ

ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್ ಒಪ್ಪಿಸಿ ಸೀರಿಯಲ್ ನಂಬರ್ ಸಹಿತ ರಸೀದಿ ಪಡೆಯಿರಿ. ಊರಿಂದ ಕೆಲಸ ಮಾಡುವವರು ಕೊರಿಯರ್ ಮಾಡುವ ಮುನ್ನ ಫೋಟೊ ತೆಗೆಯಿರಿ. ಪೇಸ್ಲಿಪ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಅಪ್ಪ ಅಮ್ಮ ಅದರಲ್ಲಿದ್ದರೆ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ನೋಟಿಸ್ ಅವಧಿಯಲ್ಲೇ ಅರ್ಜಿ ಹಾಕಿ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ‘ಎಫ್ ಅಂಡ್ ಎಫ್‌ಗೆ 45 ದಿನ’ ಎಂಬ, ಕೊನೆಯ ಲೆಕ್ಕ ಚುಕ್ತಾ ಮಾಡುವ ಹಳೆಯ ರೂಢಿಯನ್ನು ಯಾರಾದರೂ ಮುಂದಿಟ್ಟರೆ ಇದನ್ನು ಮೇಲ್‌ನಲ್ಲಿ ನೆನಪಿಸಿ. ಗ್ರಾಚ್ಯುಟಿಗೆ 30 ದಿನ. ಎರಡು ಮೇಲ್‌ಗೂ ಉತ್ತರವಿಲ್ಲದಿದ್ದರೆ ನಿಮ್ಮ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ.

ಪಿಎಫ್ ತೆಗೆಯಬೇಡಿ, ವರ್ಗಾಯಿಸಿ. ಒಟ್ಟು ಐದು ವರ್ಷ ತುಂಬದೆ ತೆಗೆದರೆ ತೆರಿಗೆ ಬೀಳುತ್ತದೆ. ಹಳೆಯವರು ಡೇಟ್ ಆಫ್ ಎಕ್ಸಿಟ್ ಹಾಕಿರದಿದ್ದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್‌ನ ಯುಎಎನ್ ಪೋರ್ಟಲ್‌ನ ಮ್ಯಾನೇಜ್ ಮೆನುವಿನಲ್ಲಿ ನೀವೇ ಹಾಕಬಹುದು. ರಿಲೀವಿಂಗ್ ಲೆಟರಿನಲ್ಲಿರುವ ದಿನಾಂಕವನ್ನೇ ಹಾಕಿ, ಒತ್ತುವ ಮುನ್ನ ಎರಡು ಸಲ ನೋಡಿ. ಒಮ್ಮೆ ಹಾಕಿದ್ದನ್ನು ತಿದ್ದಿಸಲು ಮತ್ತೆ ಹಳೆಯ ಕಂಪನಿಯ ಬಾಗಿಲಿಗೇ ಹೋಗಬೇಕಾದೀತು.