ಬಿರಿಯಬೇಕು, ಉದುರಬಾರದು

ಮತ್ತಿ ಮರದ ತೊಗಟೆ ನೋಡಿದ್ದೀರಲ್ವಾ? ಥೇಟ್ ಮೊಸಳೆ ಬೆನ್ನು. ಅದನ್ನು ನಾನು ಮಾಡುವ ಮಣ್ಣಿನ ಹೂಜಿಯ ಗ್ಲೇಜ್‌ನಲ್ಲಿ, ಅಂದರೆ ಸುಟ್ಟಾಗ ಗಾಜಿನಂತಾಗುವ ಮೇಲಿನ ಲೇಪದಲ್ಲಿ, ತರಬೇಕು ಅಂತ ಎರಡು ವರ್ಷ ಒದ್ದಾಡಿದೆ. "ಗ್ಲೇಜ್ ಬಿರಿಯೋದು ದೋಷ, ಅದನ್ನ ದುಡ್ಡು ಕೊಟ್ಟು ಯಾರು ಒಯ್ತಾರೆ?" ಅಂತ ಜೊತೆಯವರು ಹೇಳುತ್ತಲೇ ಇದ್ದರು. ಈಗ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಗ್ಲೇಜ್ ಬಿರಿಯಲಿ ಅಂತ ಅದಕ್ಕೆ ಮ್ಯಾಗ್ನೀಸಿಯಂ ಕಾರ್ಬೊನೇಟ್ ಪುಡಿ ನೂರಕ್ಕೆ ಸುಮಾರು 35 ಹಾಕುತ್ತಿದ್ದೆ. ದಪ್ಪ ಲೇಪ, ಕೋನ್ 6 (ಎಷ್ಟು ಶಾಖಕ್ಕೆ ಸುಡಬೇಕು ಅನ್ನೋದರ ಅಳತೆ). ಬಿರುಕೇನೋ ಬಂತು. ಆದರೆ ಗ್ಲೇಜ್ ಮುದುಡಿ, ಚೂರುಚೂರಾಗಿ ಉದುರಿ, ಕಿಲ್ನ್ ಅಂದರೆ ಮಡಕೆ ಸುಡುವ ಗೂಡಿನೊಳಗಿನ ಶೆಲ್ಫಿಗೆ ಅಂಟಿಕೊಂಡಿತು. ಮೂರು ಶೆಲ್ಫ್ ಹಾಳು. ಕರೆಂಟು, ಕೆಟ್ಟ ಹೂಜಿ ಎಲ್ಲ ಸೇರಿ 40 ಸಾವಿರದ ಹತ್ತಿರ ಹೋಗಿರಬೇಕು.

ನಡುವೆ ಗದಗದ ಕಡೆಯಿಂದ ಎರೆಮಣ್ಣು ತಂದು ಹಚ್ಚಿದೆ. ಒಣಗುವಾಗ ಬೇಸಿಗೆಯ ಹೊಲದ ಹಾಗೆ ಬಾಯಿ ಬಿಟ್ಟಿತು. ಎಷ್ಟು ಚೆಂದ! ಕಿಲ್ನ್‌ನಲ್ಲಿ ಕರಗಿ ಕಂದು ಗ್ಲೇಜ್ ಆಯಿತು, ಬಿರುಕೆಲ್ಲ ಮುಚ್ಚಿಹೋಯಿತು.

ದಾರಿ ತೋರಿಸಿದ್ದು ಒಂದು ಪದ. ತೊಗಟೆಗಳ ಬಗ್ಗೆ ಓದುವಾಗ ಸಿಕ್ಕಿತು: ರೈಮೋಸ್. ಲ್ಯಾಟಿನ್‌ನಲ್ಲಿ ರೀಮಾ ಅಂದರೆ ಬಿರುಕು. ರಿಮೋಸುಸ್ ಅಂದರೆ ಮೈತುಂಬ ಬಿರುಕಿರುವುದು. ತೊಗಟೆಗೆ, ಅಣಬೆಯ ಟೋಪಿಗೆ, ಕಲ್ಲುಹೂವಿಗೆ ಈ ಪದ ಬಳಸುತ್ತಾರೆ. ಟೋಪಿ ಬಿರಿಯುವ ಒಂದು ಅಣಬೆಯ ಹೆಸರಲ್ಲೇ ರಿಮೋಸಾ ಇತ್ತು. ಕಲ್ಲುಹೂವು ಬಲ್ಲವರ ಹತ್ತಿರ ಇನ್ನೊಂದು ಪದವಿದೆ, ಏರಿಯೋಲೇಟ್. ರೈಮೋಸ್ ಅಂದರೆ ಮೈ ಒಂದೇ, ಅದರಲ್ಲಿ ಬಿರುಕು ಓಡಿದೆ. ಏರಿಯೋಲೇಟ್ ಅಂದರೆ ಬಿರುಕು ಸುತ್ತುವರಿದು ಮೈ ಸಣ್ಣ ಸಣ್ಣ ತುಂಡಾಗಿದೆ. ಎರಡು ವರ್ಷ ನಾನು ಮಾಡಿದ್ದು ಬರೀ ಎರಡನೆಯದು!

ಅವತ್ತೇ ಗ್ಲೇಜ್ ಮುದುಡಿಸುವುದನ್ನು ಬಿಟ್ಟೆ. ಕಾರ್ಬೊನೇಟನ್ನು 22-23ಕ್ಕೆ ಇಳಿಸಿದೆ. ಬಾಲ್ ಕ್ಲೇ ಅನ್ನೋ ನುಣುಪು ಜೇಡಿಮಣ್ಣು ಸ್ವಲ್ಪ ಜಾಸ್ತಿ ಮಾಡಿದೆ. ಗ್ಲೇಜ್‌ನ ಕೆಳಗೆ ಒಂದು ತೆಳು ಪದರ ಕೊಡುತ್ತೇನೆ. ಅದು ಯಾವುದರದ್ದು, ಎಷ್ಟು ಹೊತ್ತು ಒಣಗಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಆರನೇ ಸಲ ಸುಟ್ಟಾಗ 11ರಲ್ಲಿ 9 ಹೂಜಿ ಸರಿಯಾಗಿ ಬಂದವು. ಉಗುರಿನಿಂದ ಕೆರೆದರೂ ಒಂದು ಚೂರು ಏಳುವುದಿಲ್ಲ. ಇಷ್ಟು ಆಳದ ಬಿರುಕು ಇಷ್ಟು ಗಟ್ಟಿಯಾಗಿ ನಿಂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೂಜಿಯ ಅಡಿಯಲ್ಲಿ "ಬಿರಿ" ಅಂತ ಗೀರುತ್ತೇನೆ. ನೆಲವೂ ಬಿರಿಯುತ್ತದೆ, ಮೊಗ್ಗೂ ಬಿರಿಯುತ್ತದೆ. ಲ್ಯಾಟಿನ್ ಪದದಲ್ಲಿ ಆ ಮೊಗ್ಗು ಇಲ್ಲ.

ಒಂದೊಂದಕ್ಕೆ 2,800 ರೂಪಾಯಿ ಸಿಕ್ಕಿತು. ದೋಷ ಅಂದವರಲ್ಲೇ ಒಬ್ಬರು ಎರಡು ಒಯ್ದರು. ಮುಂದಿನ ಸಲಕ್ಕೆ ಅಗಲದ ತಟ್ಟೆಗಳು ಒಣಗುತ್ತಿವೆ. ಚಪ್ಪಟೆ ಮೈಮೇಲೆ ಬಿರುಕು ಹೇಗೆ ಓಡುತ್ತದೋ ನೋಡಬೇಕು.